ಮೋರಿ ಕೊಳೆತಾಗ ನಮ್ಮದು, ತಿಳಿಯಾದಾಗ ಯಾರದು?

ಮೆಜೆಸ್ಟಿಕ್‌ನಿಂದ ಬೆಳ್ಳಂದೂರು ಕೆರೆವರೆಗಿನ ರಾಜಕಾಲುವೆಯನ್ನ 'ನಾಗರಿಕರ ಜಲಮಾರ್ಗ' ಮಾಡೋ ಯೋಜನೆಗೆ ಕೆ-100 ಅಂತ ಹೆಸರು. ಶಾಂತಿನಗರದ ಹತ್ತಿರ ನಡೆಯೋ ದಾರಿ, ಗಿಡ ಎಲ್ಲ ಬಂದಿವೆ. ಊರನ್ನ ಮತ್ತೆ ನೀರಿಗೆ ಜೋಡಿಸ್ತೀವಿ ಅಂತಾರೆ.

ನಾನು ಕೇಳೋದು ಇಷ್ಟೇ: ಈ ನೀರಿಂದ ದೂರ ಇದ್ದವರು ಯಾರು? ನಾವಂತೂ ಅಲ್ಲ.

ನಾನು ಬೆಳೆದಿದ್ದೇ ಇಂಥದೊಂದು ಕಾಲುವೆ ಗೋಡೆಗೆ ಅಂಟಿಕೊಂಡ ಒಂದೇ ಕೋಣೆಯ ಮನೇಲಿ. ಮಳೆ ಜೋರಾದ ರಾತ್ರಿ ಅವ್ವ ಮೊದಲು ಅಕ್ಕಿ ಡಬ್ಬ, ಆಮೇಲೆ ರೇಷನ್ ಕಾರ್ಡು, ಆಮೇಲೆ ನಮ್ಮನ್ನ ಮಂಚದ ಮೇಲೆ ಹತ್ತಿಸೋಳು. ಅದರ ಹೂಳಿಗೆ ಬರಿಗಾಲಲ್ಲಿ ಇಳಿದವರೂ ನಮ್ಮ ಕೇರಿಯವರೇ. ಮಲ ಹೊರುವ ಪದ್ಧತಿ ನಿಷೇಧಿಸಿದ ಕಾಯ್ದೆ ಬಂದಿದ್ದು 2013ರಲ್ಲಿ. ಮ್ಯಾನ್‌ಹೋಲ್ ಸಾವು ಇನ್ನೂ ನಿಂತಿಲ್ಲ.

ಒತ್ತುವರಿ ಅಂದ ಕೂಡಲೇ ಎಲ್ಲರ ಬೆರಳು ಕೊಳೆಗೇರಿ ಕಡೆಗೆ. ಸ್ವಾಮಿ, ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದ್ದು ನಾವಾ? ಸಂಪಂಗಿ ಕೆರೆ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎಬ್ಬಿಸಿದ್ದು ನಾವಾ? ಬಫರ್ ಲೆಕ್ಕ ಮಾತ್ರ ಗುಡಿಸಲ ಮುಂದೆ ನಿಖರವಾಗಿರುತ್ತೆ. ದೊಡ್ಡ ಕಾಂಪೌಂಡ್ ಮುಂದೆ ಅದಕ್ಕೆ ತಡೆಯಾಜ್ಞೆ ಸಿಗುತ್ತೆ.

ಕಾಲುವೆ ಚಂದ ಮಾಡೋ ಮಾತು ಬಂದಾಗೆಲ್ಲ ಸಿಯೋಲ್‌ನ ಚಿಯೊಂಗ್ಗೆಚೊನ್ ಹೊಳೆಯ ಫೋಟೋ ತೋರಿಸ್ತಾರೆ. ಮೇಲ್ಸೇತುವೆ ಕೆಡವಿ 2005ರಲ್ಲಿ ಆ ಹೊಳೆಯನ್ನ ತೆರೆದರು, ನಿಜ. ಅಲ್ಲಿದ್ದ ಬೀದಿ ವ್ಯಾಪಾರಿಗಳನ್ನ ಹಳೇ ದೊಂಗ್ದೆಮುನ್ ಕ್ರೀಡಾಂಗಣಕ್ಕೆ ಸಾಗಿಸಿದರು. ಕೆಲವೇ ವರ್ಷಕ್ಕೆ ಆ ಕ್ರೀಡಾಂಗಣವನ್ನೂ ಕೆಡವಿದರು. ಈ ಭಾಗ ಯಾವ ಫೋಟೋದಲ್ಲೂ ಕಾಣಲ್ಲ.

ನಾನು ಕಾಲುವೆ ಶುದ್ಧ ಆಗೋದಕ್ಕೆ ವಿರೋಧಿ ಅಲ್ಲ. ಆ ನಾತ ಕುಡಿದು ಬೆಳೆದವರಿಗಿಂತ ಶುದ್ಧ ನೀರಿನ ಆಸೆ ಇನ್ಯಾರಿಗೆ ಹೆಚ್ಚು? ಆದರೆ ಮೊದಲು ಕಾಲುವೆ ಪಕ್ಕದ ಮನೆಗಳಿಗೆ ಹಕ್ಕುಪತ್ರ ಕೊಡಿ. ಸ್ಥಳಾಂತರ ತಪ್ಪದೇ ಇದ್ದರೆ ಅದೇ ವಾರ್ಡಿನಲ್ಲಿ ಮನೆ ಕೊಡಿ, ಊರಾಚೆ ಅಲ್ಲ. ಹೂಳೆತ್ತೋಕೆ ಯಂತ್ರ ತನ್ನಿ, ಅದನ್ನ ನಡೆಸೋ ಕಾಯಂ ಕೆಲಸ ಇಷ್ಟು ದಿನ ಇಳಿದವರಿಗೇ ಕೊಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ದಂಡೆ ಮೇಲೆ ತಳ್ಳುಗಾಡಿಗೆ ಜಾಗ ಗುರುತಿಸಿ. ಬೆಂಚು ಆಮೇಲೆ ಹಾಕಿ.

1927ರಲ್ಲಿ ಬಾಬಾಸಾಹೇಬರು ಮಹಾಡ್‌ನ ಚೌದಾರ್ ಕೆರೆಗೆ ಇಳಿದು ನೀರು ಮುಟ್ಟಿದ್ದು ನೀರು ಎಲ್ಲರದು ಅಂತ ಸಾರೋಕೆ. ಕೆರೆ ತಿಳಿಯಾಗಿದ್ದಾಗ ನಮ್ಮನ್ನ ಹತ್ತಿರ ಸೇರಿಸಲಿಲ್ಲ. ಮೋರಿಯಾದಾಗ ನಮಗೇ ಬಿಟ್ಟರು. ಈಗ ಮತ್ತೆ ತಿಳಿಯಾಗುತ್ತೆ ಅಂದಾಗ ನಮ್ಮನ್ನ ಎಬ್ಬಿಸಿದರೆ, ಅದಕ್ಕೆ ನಗರ ವಿನ್ಯಾಸ ಅನ್ನಬೇಡಿ. ಅದು ಅಸ್ಪೃಶ್ಯತೆ.

ಜೈ ಭೀಮ್.