ಹಲವು ಸುತ್ತಿನ ದಾಸವಾಳ

ಶೀತದೇಶಗಳ ಉದ್ಯಾನಪ್ರಿಯರಿಗೆ ದಳಗಳು ಕಿಕ್ಕಿರಿದ ಪಿಯೋನಿ ಹೂವೆಂದರೆ ಬಲು ಅಕ್ಕರೆ. ಚೀನಾದಲ್ಲಿ ಅದರ ಕೃಷಿ ಸಾವಿರ ವರ್ಷಗಳಿಗೂ ಹಳೆಯದು. ಚಳಿಗಾಲದ ದೀರ್ಘ ಶೈತ್ಯವಿಲ್ಲದೆ ಅದು ಚೆನ್ನಾಗಿ ಹೂಬಿಡದು. ಆದುದರಿಂದ ನಮ್ಮ ಮಂಡ್ಯದ ಬಯಲಿನಲ್ಲಿ ಅದರ ಆಸೆ ವ್ಯರ್ಥ. ಆದರೆ ಕೊರಗಬೇಕಾದುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬದಿಯ ಊರುಗಳಿರಲಿ, ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿ ಮಳೆಯನ್ನೇ ನಂಬಿದ ಹಳ್ಳಿಗಳಿರಲಿ, ಹಿತ್ತಿಲಿನ ದಾಸವಾಳದಲ್ಲಿ ಅದೇ ವೈಚಿತ್ರ್ಯವನ್ನು ಕಾಣಬಹುದು: ಐದೇ ದಳಗಳಿರಬೇಕಾದಲ್ಲಿ ಸುತ್ತಿನ ಮೇಲೆ ಸುತ್ತು.

ನಾನು ಪ್ರೌಢಶಾಲೆಯಲ್ಲಿದ್ದಾಗ ಹೂವಿನ ಭಾಗಗಳ ಪಾಠಕ್ಕೆ ಇಂಥ ಹೂವೊಂದನ್ನು ಒಯ್ದಿದ್ದೆ. “ಇದು ಪಾಠಕ್ಕೆ ಬಾರದು, ಒಂದೇ ಸುತ್ತಿನದನ್ನು ತಾ” ಎಂದು ಉಪಾಧ್ಯಾಯರು ಅದನ್ನು ಬದಿಗಿಟ್ಟರು. ಅವರು ಬದಿಗಿಟ್ಟ ಹೂವೇ ಹೆಚ್ಚಿನ ಪಾಠವನ್ನು ಕಲಿಸಬಲ್ಲುದಾಗಿತ್ತೆಂದು ಈಗ ನನ್ನ ದೃಢವಾದ ಅಭಿಪ್ರಾಯ.

ಒಂದು ಸುತ್ತಿನ ದಾಸವಾಳದಲ್ಲಿ ಕೇಸರಗಳು ಕೂಡಿಕೊಂಡು ನಡುವೆ ಕಂಬದಂತೆ ನಿಂತಿರುವುವು. ಹಲವು ಸುತ್ತಿನದನ್ನು ಮೆಲ್ಲನೆ ಬಿಡಿಸಿ ನೋಡಿರಿ. ಒಳಗಿನ ಕೆಲವು ದಳಗಳ ಅಂಚಿನಲ್ಲಿ ಹಳದಿಯ ಪರಾಗಕೋಶವು ಇನ್ನೂ ಅಂಟಿಕೊಂಡಿರುವುದುಂಟು. ಅವು ದಳವಾಗಹೊರಟು ಅರ್ಧದಲ್ಲಿಯೇ ನಿಂತ ಕೇಸರಗಳು! ಹೂವಿನ ಅಂಗಗಳೆಲ್ಲವೂ ಎಲೆಯ ರೂಪಾಂತರಗಳೆಂದು ಜರ್ಮನಿಯ ಕವಿ ಗಯಟೆ 1790ರಲ್ಲಿಯೇ ಬರೆದನು. ಯಾವ ಅಂಗವು ಎಲ್ಲಿ ಮೂಡಬೇಕೆಂಬುದನ್ನು ಮೂರು ಬಗೆಯ ಜೀನುಗಳು ಕೂಡಿ ನಿರ್ಧರಿಸುವುವೆಂದು 1991ರಲ್ಲಿ ಕೋಯನ್ ಮತ್ತು ಮೇಯರೊವಿಟ್ಸ್ ಎಂಬ ವಿಜ್ಞಾನಿಗಳು ವಿವರಿಸಿದರು. ಮೂರನೆಯ ಬಗೆಯದು ಕೆಲಸಗೆಟ್ಟರೆ ಕೇಸರದ ಎಡೆಯಲ್ಲಿ ದಳವು ಮೂಡುವುದು. ಈ ನಿಯಮವು ತಿಳಿದುಬಂದುದು ಅಂಗ ತಪ್ಪಿದ ಹೂಗಳಿಂದಲೇ ಎಂಬುದನ್ನು ಮರೆಯಬಾರದು.

ಭೌತವಿಜ್ಞಾನದಲ್ಲಿಯೂ ಹೀಗೆಯೇ. ಬುಧಗ್ರಹದ ಕಕ್ಷೆಯಲ್ಲಿನ ಅತ್ಯಲ್ಪ ವ್ಯತ್ಯಾಸವೊಂದು ನ್ಯೂಟನ್ನನ ನಿಯಮಕ್ಕೆ ಹೊಂದದೆ ಉಳಿದಿತ್ತು. 1915ರಲ್ಲಿ ಐನ್‌ಸ್ಟೈನನ ಸಿದ್ಧಾಂತವು ಅದಕ್ಕೆ ಉತ್ತರ ಕೊಟ್ಟಿತು. ಹೊಂದದುದನ್ನು ಎಸೆಯುವವನಿಗೆ ವಿಜ್ಞಾನವು ಒಲಿಯದು.

ಆದರೆ ಈ ಸೊಬಗಿಗೆ ಬೆಲೆಯೂ ಉಂಟು. ಕೇಸರಗಳು ದಳಗಳಾದಷ್ಟೂ ಪರಾಗವು ಕಡಿಮೆಯಾಗುವುದು. ಅದನ್ನರಸಿ ಬಂದ ಜೇನಿಗೆ ನಿರಾಶೆ. ನಮ್ಮ ಕಣ್ಣಿಗೆ ಹಬ್ಬವಾದುದು ಅದಕ್ಕೆ ಉಪವಾಸ. ಇಡೀ ತೋಟವನ್ನು ಇಂಥ ಹೂಗಳಿಂದಲೇ ತುಂಬುವುದು ಸಲ್ಲದು.

ಆದುದರಿಂದ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಎರಡೂ ಬಗೆಯ ದಾಸವಾಳದ ಬಲಿತ ಕಡ್ಡಿಗಳನ್ನು ತಂದು ಅಕ್ಕಪಕ್ಕದಲ್ಲಿ ನೆಡಿರಿ. ಎರಡೂ ಹೂ ಬಿಟ್ಟ ದಿನ ಬಿಡಿಸಿ ಹೋಲಿಸಿ ನೋಡಿರಿ. ಪುಸ್ತಕದ ಚಿತ್ರವು ಹೇಳದೆ ಬಿಟ್ಟುದನ್ನು ಆ ಗಿಡಗಳು ನಿಮಗೆ ಹೇಳುವುವು.