ವಿಲ್ಲಾದಲ್ಲಿ ಅಡುಗೆಮನೆ ಇದೆ, ರಜೆ ಯಾರಿಗಿದೆ?

ಅಪ್ಪ-ಅಮ್ಮನ ಮದುವೆಗೆ 25 ವರ್ಷ ಆಯ್ತು ಅಂತ 2025ರ ಆಗಸ್ಟಿನಲ್ಲಿ ನಾವೆಲ್ಲ ಬಾಲಿಗೆ ಹೋಗಿದ್ವಿ. ಅಪ್ಪ, ಅಮ್ಮ, ಅಜ್ಜಿ, ನಾವಿಬ್ಬರು. ಈ ಲೇಖನದಲ್ಲಿ 'ನಾವು' ಅಂದ್ರೆ ಹೆಚ್ಚಾಗಿ ಅಕ್ಕ-ತಮ್ಮ. ಟೈಪ್ ಮಾಡ್ತಿರೋದು ತಮ್ಮ, ಪಕ್ಕದಲ್ಲಿ ಕೂತು ಕಾಗುಣಿತ ತಿದ್ದುತ್ತಿರೋದು ಅಕ್ಕ. ಇಬ್ಬರೂ ಇಂಗ್ಲಿಷ್ ಮೀಡಿಯಂ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋಗೋದು ಅಂತ ತೀರ್ಮಾನ ಆದ ದಿನದಿಂದ ವಿಮಾನ ಹತ್ತುವವರೆಗೂ ಮನೆಯಲ್ಲಿ ನಡೆದದ್ದು ಒಂದೇ ಚರ್ಚೆ. ವಿಲ್ಲಾನಾ, ರೆಸಾರ್ಟಾ? ನಾವಿಬ್ಬರು ವಿಲ್ಲಾ ಪಾರ್ಟಿ. ಅಮ್ಮ ಮೊದಲ ದಿನ ಮಾತ್ರ "ರೆಸಾರ್ಟ್ ಆದ್ರೆ ಚೆನ್ನಾಗಿರುತ್ತೆ" ಅಂದಿದ್ದರು. ಆಮೇಲೆ ಸುಮ್ಮನಾದ್ರು. ಅಪ್ಪ ಯಾವುದು ಕಡಿಮೆಯೋ ಅದು. ನಾವು ಒಂದು ಶೀಟ್ ಮಾಡಿದ್ವಿ, ಇಂಜಿನಿಯರಿಂಗ್ ಓದೋರಲ್ವಾ. ಒಂದು ಕಾಲಂನಲ್ಲಿ ಚಂಗು ಕಡೆಯ ಮೂರು ಬೆಡ್‌ರೂಮ್ ವಿಲ್ಲಾ, ಸ್ವಂತ ಪೂಲ್, ಅಡುಗೆಮನೆ, ರಾತ್ರಿಗೆ 14,000 ರೂಪಾಯಿ. ಇನ್ನೊಂದು ಕಾಲಂನಲ್ಲಿ ನೂಸಾ ದುವಾದ ರೆಸಾರ್ಟ್, ಎರಡು ರೂಮು ಸೇರಿ 28,000. ಅದರ ಮೇಲೆ ತೆರಿಗೆ ಮತ್ತು ಸರ್ವಿಸ್ ಅಂತ ಶೇಕಡಾ 21. ವಿಲ್ಲಾದವರು "ಬೇಕಿದ್ದರೆ ಅಡುಗೆಯವರನ್ನು ಕಳಿಸ್ತೀವಿ, ದಿನಕ್ಕೆ ಮೂರು ಲಕ್ಷ ರುಪಿಯಾ" ಅಂತ ಮೆಸೇಜ್ ಮಾಡಿದ್ರು. ಮೂರು ಲಕ್ಷ ಅಂದ ಕೂಡಲೇ ಗಾಬರಿ ಆಗಬೇಡಿ, ನಮ್ಮ ದುಡ್ಡಲ್ಲಿ ಸಾವಿರದ ಆರುನೂರರ ಹತ್ತಿರ. ಆ ಸಾಲನ್ನು ನಾವು ಶೀಟಿನಿಂದ ಅಳಿಸಿದ್ವಿ. ಅಡುಗೆಮನೆ ಇದೆಯಲ್ಲ, ಸಾಕು ಅಂತ.

ಕೊನೆಗೆ ರಾಜಿ ಆಯ್ತು. ಮೂರು ರಾತ್ರಿ ವಿಲ್ಲಾ, ಎರಡು ರಾತ್ರಿ ರೆಸಾರ್ಟ್. ಹಾಗಾಗಿ ಎರಡರ ಬಗ್ಗೆಯೂ ಮಾತಾಡೋ ಹಕ್ಕು ನಮಗೆ ಸ್ವಲ್ಪ ಇದೆ ಅಂದ್ಕೊಂಡಿದ್ದೀವಿ.

ವಿಲ್ಲಾ ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಬಾಗಿಲು ತೆಗೆದರೆ ನೀಲಿ ಪೂಲ್, ಮೂಲೆಯಲ್ಲಿ ದೇವಕಣಗಿಲೆ ಮರ. ಹಾಲ್‌ಗೆ ಗೋಡೆ ಇಲ್ಲ, ಬರೀ ಚಾವಣಿ, ಅದರ ಕೆಳಗೆ ಸೋಫಾ ಮತ್ತು ಅಡುಗೆ ಕಟ್ಟೆ. ಅಲ್ಲಿನ ಬಹಳಷ್ಟು ವಿಲ್ಲಾಗಳು ಹೀಗೇ. ಫೋಟೋದಲ್ಲಿ ನೋಡಿದಾಗ ವಾವ್ ಅನ್ಸುತ್ತೆ. ಇದ್ದು ನೋಡಿದರೆ ಎಸಿ ಬೆಡ್‌ರೂಮಿಗೆ ಮಾತ್ರ ಅಂತ, ಸಂಜೆ ಆರರ ಮೇಲೆ ಹಾಲ್ ಸೊಳ್ಳೆಗಳದ್ದು ಅಂತ ಗೊತ್ತಾಗುತ್ತೆ. ಪೂಲಿಗೆ ಕಟಾಂಜನ ಇಲ್ಲ, ಅಜ್ಜಿಯ ರೂಮಿನ ಬಾಗಿಲಿಂದ ನಾಲ್ಕೇ ಹೆಜ್ಜೆ. ರಾತ್ರಿ ಅಜ್ಜಿ ಎದ್ದರೆ ಮನೆಯೆಲ್ಲ ಏಳ್ತಿತ್ತು. ಹೊರಗೆ ನಡೆದಾಡೋಣ ಅಂದ್ರೆ ಫುಟ್‌ಪಾತ್ ಇಲ್ಲ, ಗದ್ದೆ ಮಧ್ಯದ ಸಣ್ಣ ರಸ್ತೆಯಲ್ಲಿ ಸ್ಕೂಟರ್ ಮೇಲೆ ಸ್ಕೂಟರ್. ಬೆಂಗಳೂರಿನವರಿಗೇ ಅಭ್ಯಾಸ ಇಲ್ಲದಷ್ಟು.

ಈಗ ಊಟದ ವಿಷಯ. ನಾವು ಸಸ್ಯಾಹಾರಿಗಳು. ಬಾಲಿಯಲ್ಲಿ ಟೆಂಪೆ, ತೋಫು, ಕಡಲೆಕಾಯಿ ಸಾಸ್ ಹಾಕಿದ ಗಾಡೊ-ಗಾಡೊ ಎಲ್ಲ ಸಿಗುತ್ತೆ, ರುಚಿಯಾಗೂ ಇರುತ್ತೆ. ಆದರೆ ಅಲ್ಲಿನ ಸಂಬಲ್ ಅನ್ನೋ ಚಟ್ನಿಗೆ ಸಾಮಾನ್ಯವಾಗಿ ಸೀಗಡಿ ಪೇಸ್ಟ್ ಹಾಕ್ತಾರೆ. ಇದು ಗೊತ್ತಾದ ಕ್ಷಣ ಅಜ್ಜಿ ಹೊರಗಿನ ಊಟಕ್ಕೆ ಪೂರ್ಣವಿರಾಮ ಇಟ್ಟರು. ಅಮ್ಮನಿಗೆ ಇದು ಮೊದಲೇ ಗೊತ್ತಿದ್ದ ಹಾಗಿತ್ತು. ಅವರ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಸಣ್ಣ ಎಲೆಕ್ಟ್ರಿಕ್ ಕುಕ್ಕರ್. ಸೀರೆ ಎರಡೇ.

ಮೂರು ದಿನ ನಡೆದದ್ದು ಇಷ್ಟು. ಬೆಳಗ್ಗೆ ಆರೂವರೆಗೆ ಅಮ್ಮ ಎದ್ದು ಕಾಫಿ. ಎಂಟಕ್ಕೆ ಉಪ್ಪಿಟ್ಟೋ ಅವಲಕ್ಕಿಯೋ. ಹೊರಗೆ ಹೋಗೋ ಮುಂಚೆ ಡಬ್ಬಿಗೆ ಅನ್ನ. ಸಂಜೆ ಬಂದ ಕೂಡಲೇ ನಾವು ಪೂಲಿಗೆ, ಅಮ್ಮ ಸಿಂಕಿಗೆ. ವಿಲ್ಲಾ ನೋಡಿಕೊಳ್ಳೋ ಹೆಂಗಸು ಬೆಳಗ್ಗೆ ಒಂದು ಸಲ ಬಂದು ರೂಮು ಗುಡಿಸಿ ಹೋಗ್ತಿದ್ರು, ಆದರೆ ರಾತ್ರಿಯ ಪಾತ್ರೆ ಹಾಗೇ ಬಿಟ್ಟು ಮಲಗೋದು ಅಮ್ಮನಿಗೆ ಆಗಲ್ಲ. "ಬಿಡಮ್ಮ, ನಾವು ತೊಳೀತೀವಿ" ಅಂತ ನಾವು ಹೇಳಿದ್ವಿ. ಹೇಳಿದ್ದು ಪೂಲ್ ಒಳಗಿಂದ.

ಇದು ನಮಗೆ ಹೊಳೆದದ್ದು ಅಲ್ಲಿ ಅಲ್ಲ, ಬೆಂಗಳೂರಿಗೆ ಬಂದು ಫೋಟೋ ಹಾಕೋಕೆ ಕೂತಾಗ. ಅಪ್ಪ ತೆಗೆದ ಒಂದು ಫೋಟೋ ಇದೆ. ಮುಂದೆ ಪೂಲಿನಲ್ಲಿ ನಾವಿಬ್ಬರು, ಅಂಚಲ್ಲಿ ಕಾಲು ಇಳಿಬಿಟ್ಟು ಕೂತ ಅಜ್ಜಿ. ಹಿಂದೆ, ಚಾವಣಿ ಕೆಳಗೆ, ಬೆನ್ನು ತಿರುಗಿಸಿ ನಿಂತಿರೋದು ಅಮ್ಮ. ಅಕ್ಕ ಕ್ರಾಪ್ ಮಾಡೋಕೆ ಹೋಗಿ ನಿಲ್ಲಿಸಿದಳು. ವಿಲ್ಲಾದಲ್ಲಿ ತೆಗೆದ ಇನ್ನೂರು ಚಿಲ್ಲರೆ ಫೋಟೋಗಳಲ್ಲಿ ಅಮ್ಮ ನೀರಲ್ಲಿರೋದು ಒಂದೂ ಇಲ್ಲ. ಯಾರ ಮದುವೆ ವಾರ್ಷಿಕೋತ್ಸವ ಇದು?

ಜನ ವಿಲ್ಲಾ-ರೆಸಾರ್ಟ್ ಅಂತ ಹೋಲಿಸುವಾಗ ಪ್ರೈವಸಿ, ಬೆಲೆ, ಬೀಚ್ ಎಷ್ಟು ದೂರ ಅಂತೆಲ್ಲ ಲೆಕ್ಕ ಹಾಕ್ತಾರೆ. ನಾವೂ ಹಾಕಿದ್ವಿ. ನಮ್ಮ ಶೀಟಿನಲ್ಲಿ ವಿಲ್ಲಾ ಅರ್ಧ ಬೆಲೆಗೆ ಬಂದಿದ್ದು ಯಾಕೆ ಅಂದ್ರೆ ಅಮ್ಮನ ಕೆಲಸಕ್ಕೆ ಸೊನ್ನೆ ಹಾಕಿದ್ವಿ. ಮನೆಯಲ್ಲಿ ಅಮ್ಮ ಮಾಡೋದಕ್ಕೆ ಲೆಕ್ಕ ಇಲ್ಲ, ಆ ಲೆಕ್ಕ ಇಲ್ಲದ್ದನ್ನೇ ಹತ್ತಿರ ಹತ್ತಿರ ಐದು ಸಾವಿರ ಕಿಲೋಮೀಟರ್ ಹೊತ್ತುಕೊಂಡು ಹೋಗಿದ್ವಿ.

ರೆಸಾರ್ಟಿನ ಮೊದಲ ಬೆಳಗ್ಗೆ ಅಮ್ಮ ತಿಂಡಿಗೆ ಕೂತಿದ್ದು ಎಂಟಕ್ಕೆ. ಎದ್ದಿದ್ದು ಹತ್ತಕ್ಕೆ. ಹಣ್ಣು, ದೋಸೆ ಥರದ್ದು ಏನೋ ಒಂದು, ಮತ್ತೆ ಹಣ್ಣು, ಎರಡು ಸಲ ಕಾಫಿ. ಅಜ್ಜಿಗೂ ಅಲ್ಲಿ ಇಂಡಿಯನ್ ವೆಜ್ ಅಂತ ಬೇರೆ ಕೌಂಟರ್ ಇತ್ತು, ಗೊಣಗಿಕೊಂಡೇ ತಿಂದರು. ತಟ್ಟೆ ಯಾರೋ ಎತ್ತಿಕೊಂಡು ಹೋದಾಗ ಅಮ್ಮ ಅವರಿಗೆ ಎರಡು ಸಲ ಥ್ಯಾಂಕ್ಸ್ ಹೇಳಿದ್ರು. ಸಂಜೆ ಬೀಚಿನ ಪಕ್ಕದ ನಡಿಗೆ ದಾರಿಯಲ್ಲಿ ಅಪ್ಪ-ಅಮ್ಮ ಇಬ್ಬರೇ ಹೋದ್ರು. ವಾಪಸ್ ಬಂದಾಗ ಏಳೂವರೆ. ರಾತ್ರಿಗೆ ಏನು ಮಾಡಲಿ ಅಂತ ಅಮ್ಮ ಕೇಳದೇ ಇದ್ದ ಸಂಜೆ ನಮಗಂತೂ ನೆನಪಿಲ್ಲ.

ಹಾಗಂತ ರೆಸಾರ್ಟೇ ಸರಿ ಅಂತ ಬರೆದು ಮುಗಿಸೋಣ ಅಂದ್ರೆ ಆಗ್ತಿಲ್ಲ. ನೂಸಾ ದುವಾಕ್ಕೆ ಗೇಟ್ ಇದೆ, ಒಳಗೆ ಹೋಗೋ ಕಾರುಗಳನ್ನು ನಿಲ್ಲಿಸಿ ತಪಾಸಣೆ ಮಾಡ್ತಾರೆ. ಅದು ತಾನಾಗೇ ಬೆಳೆದ ಊರಲ್ಲ, ಪ್ಲಾನ್ ಮಾಡಿದ್ದು. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದೊಂದಿಗೆ, ದ್ವೀಪದ ದಕ್ಷಿಣ ತುದಿಯ ಸುಣ್ಣಕಲ್ಲಿನ ಒಣ ನೆಲದಲ್ಲಿ ಶುರುವಾದದ್ದು. ಮೊದಲ ಹೋಟೆಲ್ ತೆರೆದದ್ದು 1983ರಲ್ಲಿ. ಭತ್ತ ಬೆಳೆಯದ ಜಾಗದಲ್ಲಿ ಪ್ರವಾಸಿಗರನ್ನು ಇಟ್ಟರೆ ಹಳ್ಳಿಗಳ ಬದುಕಿಗೆ ತೊಂದರೆ ಕಡಿಮೆ ಅನ್ನೋದು ಆಗಿನ ಯೋಚನೆ. ಕೇಳೋಕೆ ಬುದ್ಧಿವಂತಿಕೆ ಅನ್ಸುತ್ತೆ. ಇದ್ದು ನೋಡಿದರೆ, ಎರಡು ದಿನದಲ್ಲಿ ನಾವು ಮಾತಾಡಿಸಿದ ಬಾಲಿಯವರೆಲ್ಲ ಯೂನಿಫಾರ್ಮಿನಲ್ಲಿದ್ದೋರೇ.

ವಿಲ್ಲಾದ ಗಲ್ಲಿಯಲ್ಲಿ ಹಾಗಿರಲಿಲ್ಲ. ಅಲ್ಲಿ ದಿನಾ ಬೆಳಗ್ಗೆ ಪ್ರತಿ ಮನೆ, ಅಂಗಡಿ ಮುಂದೆ ಚನಾಂಗ್ ಸಾರಿ ಇಡ್ತಾರೆ. ತೆಂಗಿನ ಎಳೆ ಗರಿಯಿಂದ ಮಾಡಿದ ಅಂಗೈಯಷ್ಟು ತಟ್ಟೆ, ಅದರಲ್ಲಿ ಹೂವು, ಒಂದು ಊದುಬತ್ತಿ. ವಿಲ್ಲಾ ನೋಡಿಕೊಳ್ಳೋ ಹೆಂಗಸು ಅದನ್ನು ಮಡಚೋದನ್ನ ಅಮ್ಮ, ಅಜ್ಜಿ ಪಕ್ಕದಲ್ಲೇ ಕೂತು ಕಲಿತರು. ಭಾಷೆ ಗೊತ್ತಿಲ್ಲ, ಫೋನಿನ ಟ್ರಾನ್ಸ್‌ಲೇಟರ್ ಅರ್ಧಂಬರ್ಧ. ಅದರಲ್ಲೇ ಗೊತ್ತಾಗಿದ್ದು, ನಾವು ಉಳಿದಿದ್ದ ಜಾಗ ಅವರ ಗಂಡನ ಅಣ್ಣನ ಗದ್ದೆ ಆಗಿತ್ತಂತೆ, 25 ವರ್ಷಕ್ಕೆ ಲೀಸ್ ಕೊಟ್ಟಿದ್ದಾರಂತೆ. ಇಂಡೋನೇಷ್ಯಾದಲ್ಲಿ ವಿದೇಶಿಯರು ಜಮೀನಿನ ಪೂರ್ತಿ ಒಡೆತನ ಪಡೆಯೋ ಹಾಗಿಲ್ಲ, ಅದಕ್ಕೇ ಈ ಲೀಸ್ ವ್ಯವಹಾರ ಅಲ್ಲಿ ಜೋರು. "ಲೀಸ್ ಮುಗಿದ ಮೇಲೆ ಮತ್ತೆ ಗದ್ದೆ ಮಾಡ್ತೀರಾ?" ಅಂತ ಅಜ್ಜಿ ಕೇಳಿಸಿದ್ರು. ಆಕೆ ಪೂಲ್ ನೋಡಿ ನಕ್ಕರು, ಅಷ್ಟೇ.

ಅಲ್ಲಿನ ಗದ್ದೆಗಳಿಗೆ ನೀರು ಹಂಚೋ ಪದ್ಧತಿಗೆ ಸುಬಾಕ್ ಅಂತಾರೆ. ಒಂದೇ ಕಾಲುವೆಯ ನೀರು ಬಳಸೋ ರೈತರು ಸಂಘ ಕಟ್ಟಿಕೊಂಡು, ನೀರಿನ ದೇವಸ್ಥಾನದ ಪೂಜೆಯ ಜೊತೆ ಯಾರಿಗೆ ಯಾವಾಗ ಎಷ್ಟು ಅಂತ ತೀರ್ಮಾನ ಮಾಡ್ತಾರೆ. ಸಾವಿರ ವರ್ಷದಷ್ಟು ಹಳೆಯದು. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಇದನ್ನು ನಾವು ಓದಿ ಹೇಳಿದಾಗ ತುಮಕೂರು ಕಡೆಯ ಅಜ್ಜಿಗೆ ಏನೂ ಹೊಸದು ಅನ್ನಿಸಲಿಲ್ಲ. "ನಮ್ಮೂರ ಕೆರೆಗೆ ನೀರುಗಂಟಿ ಇದ್ದನಲ್ಲ, ಹಂಗೆ" ಅಂದ್ರು. ಮೇಲಿನ ಗದ್ದೆಯವನು ಕಾಲುವೆ ಮುಚ್ಚಿದರೆ ಕೆಳಗಿನವನು ಏನು ಮಾಡಬೇಕು ಅಂತಾನೂ ಅವರೇ ಕೇಳಿದ್ರು. ಗದ್ದೆ ನಡುವೆ ಒಂದು ವಿಲ್ಲಾ ಎದ್ದರೆ ಆಗೋದು ಅದೇ.

ಸಿವಿಲ್ ಓದೋ ತಮ್ಮನ ಚಪಲಕ್ಕೆ ಒಂದು ಲೆಕ್ಕ. ನಮ್ಮ ಪೂಲ್ 8 ಮೀಟರ್ ಉದ್ದ, 3 ಮೀಟರ್ ಅಗಲ, ಸರಾಸರಿ ಆಳ 1.4 ಮೀಟರ್ ಅನ್ನಿ. 33,600 ಲೀಟರ್. 2024ರ ಬೇಸಿಗೆಯಲ್ಲಿ ನಮ್ಮ ಲೇಔಟಿನ ಬೋರ್‌ವೆಲ್ ಬತ್ತಿದಾಗ 6,000 ಲೀಟರಿನ ಒಂದು ಟ್ಯಾಂಕರಿಗೆ ಅಪ್ಪ ಮೂರು ದಿನ ಮೊದಲೇ ಫೋನ್ ಮಾಡಿ ಕಾಡಬೇಕಿತ್ತು. ಅಂಥ ಐದೂವರೆ ಟ್ಯಾಂಕರ್ ನೀರು, ಐದು ಜನಕ್ಕೆ. ಅದರಲ್ಲೂ ಇಳಿದೋರು ಇಬ್ಬರು! ದಿನಾ ಖಾಲಿ ಮಾಡಿ ತುಂಬಿಸಲ್ಲ, ಒಪ್ಪಿದ್ವಿ. ಆದರೂ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 120 ಲೀಟರ್ ಹೋಯ್ತು. ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಬೇಕು ಅಂತ ನಮ್ಮ ಟೆಕ್ಸ್ಟ್‌ಬುಕ್ಕಲ್ಲಿದೆ. ಅಂದ್ರೆ ಪ್ರತಿ ವಿಲ್ಲಾದಲ್ಲೂ ಕಣ್ಣಿಗೆ ಕಾಣದ ಇನ್ನೊಬ್ಬ ಗೆಸ್ಟ್ ಇದ್ದ ಹಾಗೆ. ರೆಸಾರ್ಟ್‌ಗಳೇನೂ ಸಾಚಾ ಅಲ್ಲ, ಒಣ ನೆಲದಲ್ಲಿ ಆ ಹಸಿರು ಹುಲ್ಲುಹಾಸು, ದಿನಾ ಬದಲಾಗೋ ಟವೆಲ್ ಎಲ್ಲ ನೀರೇ. ಆದರೆ ಅಲ್ಲಿ ಒಂದು ಪೂಲನ್ನು ನೂರಾರು ಜನ ಹಂಚಿಕೊಳ್ತಾರೆ, ವಿಲ್ಲಾದಲ್ಲಿ ಮನೆಗೊಂದು.

ನಾವು ವಾಪಸ್ ಬಂದ ಮುಂದಿನ ತಿಂಗಳೇ, ಸೆಪ್ಟೆಂಬರಿನಲ್ಲಿ, ಡೆನ್ಪಸಾರ್ ಸುತ್ತಮುತ್ತ ಪ್ರವಾಹ ಬಂದು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಇನ್ನು ಮುಂದೆ ಗದ್ದೆಗಳನ್ನು ಹೋಟೆಲ್ ಮಾಡೋಕೆ ಬಿಡಲ್ಲ ಅಂತ ಗವರ್ನರ್ ವಯಾನ್ ಕೊಸ್ಟರ್ ಹೇಳಿದ್ರು. ಆ ಸುದ್ದಿ ಓದಿ ಅಮ್ಮ ಮೊದಲು ಕೇಳಿದ್ದು ಆ ಹೆಂಗಸಿನ ಮನೆ ಏನಾಯ್ತೋ ಅಂತ. ರೆಸಾರ್ಟಿನ ಯಾರ ಮುಖವೂ ನಮಗ್ಯಾರಿಗೂ ನೆನಪಾಗಲಿಲ್ಲ. ಇದನ್ನೂ ಲೆಕ್ಕಕ್ಕೆ ತಗೋಬೇಕಲ್ವಾ?

ಹಾಗಾದ್ರೆ ನಿಮ್ಮ ಅಭಿಪ್ರಾಯ ಏನ್ರಪ್ಪ ಅಂತೀರಾ. ನಾಲ್ಕು ಜನ ಫ್ರೆಂಡ್ಸ್ ಹೋಗ್ತಿದ್ರೆ, ಪಾತ್ರೆ ತೊಳೆಯೋ ಸರದಿ ಮೊದಲೇ ಬರೆದಿಟ್ಟು, ಪೂಲ್ ಇಲ್ಲದ ಸಣ್ಣ ಮನೆ ಹಿಡೀರಿ. ಮನೆಯವರ ಜೊತೆ ಹೋಗ್ತಿದ್ರೆ ಮೊದಲ ಪ್ರಶ್ನೆ ರೇಟ್ ಅಲ್ಲ, ಅಡುಗೆ ಯಾರು ಮಾಡ್ತಾರೆ ಅನ್ನೋದು. ಉತ್ತರ 'ಅಮ್ಮ' ಅಂತ ಬಂದರೆ ರೆಸಾರ್ಟಿಗೆ ಹೋಗಿ. ಇಲ್ಲ ವಿಲ್ಲಾನೇ ಬೇಕು ಅಂದ್ರೆ ಅಡುಗೆಯವರ ದುಡ್ಡನ್ನೂ ಸೇರಿಸಿ ಹೋಲಿಸಿ. ನಮ್ಮ ಲೆಕ್ಕದಲ್ಲಿ 14,000 ಇದ್ದದ್ದು 15,600 ಆಗ್ತಿತ್ತು, ರೆಸಾರ್ಟಿಗಿಂತ ಆಗಲೂ ಕಡಿಮೆಯೇ. ಅಷ್ಟು ಸಣ್ಣ ಮೊತ್ತಕ್ಕೆ ನಾವು ಆ ಸಾಲು ಅಳಿಸಿದ್ದು ಅನ್ನೋದೇ ಈಗ ಚುಚ್ಚೋದು. ಉಬುದ್ ಕಡೆ ಸ್ಥಳೀಯರೇ ತಮ್ಮ ಮನೆಯಂಗಳದಲ್ಲಿ ನಡೆಸೋ ಹೋಮ್‌ಸ್ಟೇಗಳಿವೆ, ತಿಂಡಿ ಸೇರಿ. ಅವನ್ನು ನಮ್ಮ ಶೀಟಿಗೆ ಹಾಕಲೇ ಇಲ್ಲ, ಯಾಕಂದ್ರೆ ಫೋಟೋ ಚೆನ್ನಾಗಿರಲಿಲ್ಲ.

ಈ ಡಿಸೆಂಬರಿಗೆ ಚಿಕ್ಕಪ್ಪನ ಮನೆಯವರು ಬಾಲಿಗೆ ಹೊರಟಿದ್ದಾರೆ. ನಮ್ಮ ಶೀಟ್ ಕೇಳಿದ್ರು. ಅಳಿಸಿದ್ದ ಸಾಲನ್ನು ಮತ್ತೆ ಹಾಕಿ ಫ್ಯಾಮಿಲಿ ಗ್ರೂಪಿಗೆ ಕಳಿಸಿದ್ವಿ. ಚಿಕ್ಕಪ್ಪ ಕೇಳಿದ್ರು, "ವಿಲ್ಲಾದಲ್ಲಿ ಅಡುಗೆಮನೆ ಇದೆಯಲ್ಲೋ, ಇದೆಂಥ ಖರ್ಚು?" ನಾವು ಉತ್ತರ ಟೈಪ್ ಮಾಡೋ ಮೊದಲೇ ಚಿಕ್ಕಮ್ಮನ ಮೆಸೇಜ್ ಬಂತು: "ಇರಲಿ ಬಿಡಿ ಅದು."