ಪೆಟ್ಟಿಗೆ ಕೊಳ್ಳುವ ಮುನ್ನ ತಂತಿಯ ದಾರಿ ಕೇಳಿ

ಪಂಪು ನಡೆಸಲು, ಡ್ರೈಯರಿನ ಶಾಖ ನೋಡಲು, ಮಣ್ಣಿನ ತೇವ ಅಳೆಯಲು ಕಂಪ್ಯೂಟರ್ ಪೆಟ್ಟಿಗೆಗಳನ್ನು ಮಾರುವವರು ಈಗ ತೋಟಗಳಿಗೂ ಬರುತ್ತಿದ್ದಾರೆ. ಸದಸ್ಯ ಬಾಂಧವರು ಬೆಲೆ ಕೇಳುತ್ತಾರೆ, ಗ್ಯಾರಂಟಿ ಕೇಳುತ್ತಾರೆ. ಅದು ಹೊರಗಿನ ಸಾಧನಗಳೊಡನೆ ಯಾವ ದಾರಿಯಲ್ಲಿ ಮಾತಾಡುತ್ತದೆಂದು ಕೇಳುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದ್ದು ಅದನ್ನೇ.

ಇಂಥ ಪೆಟ್ಟಿಗೆಗಳಲ್ಲಿ ಬಳಸುವ ಪುಟ್ಟ ಕಂಪ್ಯೂಟರುಗಳಲ್ಲಿ ಒಂದು, ಬ್ರಿಟನ್ನಿನ ರಾಸ್ಪ್‌ಬೆರಿ ಪೈ ಕಂಪೆನಿ 2020ರಲ್ಲಿ ಹೊರತಂದ ಕಂಪ್ಯೂಟ್ ಮಾಡ್ಯೂಲ್ 4. ಉದ್ದ 55 ಮಿ.ಮೀ., ಅಗಲ 40 ಮಿ.ಮೀ. ತಂತಿಯ ಪ್ಲಗ್ ಚುಚ್ಚುವ ಸಾಕೆಟ್ ಅದರಲ್ಲಿಲ್ಲ. ಅಡಿಯಲ್ಲಿ ತಲಾ 100 ಪಿನ್ನಿನ ಎರಡು ಕನೆಕ್ಟರುಗಳಿವೆ. ಈಥರ್‌ನೆಟ್, ಯುಎಸ್‌ಬಿ, ಸೀರಿಯಲ್ ದಾರಿಗಳು ಅವುಗಳ ಮೂಲಕ ಅದು ಕೂರುವ ದೊಡ್ಡ ಬೋರ್ಡಿಗೆ ಇಳಿಯುತ್ತವೆ. ಆ ಬೋರ್ಡಿನಲ್ಲಿ ಯಾವ ಸಾಕೆಟ್ ಇಡಬೇಕೆಂಬುದು ಪೆಟ್ಟಿಗೆ ತಯಾರಿಸಿದವನ ಇಷ್ಟ. ಮಾಡ್ಯೂಲಿಗೆ ಎಷ್ಟು ಶಕ್ತಿಯಿದ್ದರೂ ಅವನು ಸಾಕೆಟ್ ಕೊಡದಿದ್ದರೆ ನಮಗೆ ದಕ್ಕದು.

ವೈಫೈ ಇದ್ದರೆ ಸಾಕೆಂಬ ಮಾತನ್ನು ನಾವು ಒಪ್ಪೆವು. ಆ ಅಲೆಗಳು ಒದ್ದೆ ಎಲೆಗಳ ನಡುವೆ ಸೊರಗುತ್ತವೆ. ಲೋಹದ ಪೆಟ್ಟಿಗೆಯೊಳಗೇ ಆಂಟೆನಾ ಇದ್ದರೆ ಹೊರಗೆ ದಾಟುವುದೇ ಕಷ್ಟ. ಈ ಮಾಡ್ಯೂಲಿನ ವೈಫೈ ಮಾದರಿಗೆ ಹೊರ ಆಂಟೆನಾ ಜೋಡಿಸಬಹುದು. ಜೋಡಿಸಿದ್ದಾರೆಯೇ ಎಂದು ನೋಡಬೇಕು.

ತೋಟದ ದೂರಕ್ಕೆ ಒಗ್ಗುವುದು 1983ರಲ್ಲಿ ಬಂದ ಆರ್‌ಎಸ್-485 ಪದ್ಧತಿ. ಮಾಡ್ಯೂಲಿನ ಸೀರಿಯಲ್ ದಾರಿಗೆ ಒಂದು ಸಣ್ಣ ಚಿಪ್ ಸೇರಿಸಿದರೆ ಅದು ಸಿದ್ಧ. ತಾಮ್ರದ ಈಥರ್‌ನೆಟ್ ತಂತಿ 100 ಮೀಟರಿಗೆ ನಿಂತರೆ, ಇದರ ಹೊಸೆದ ಜೋಡಿ ತಂತಿ ಕಡಿಮೆ ವೇಗದಲ್ಲಿ ಸುಮಾರು 1200 ಮೀಟರ್ ಹೋಗುತ್ತದೆ. ಅದರ ಮೇಲೆ 1979ರ ಮಾಡ್‌ಬಸ್ ಭಾಷೆ ನಡೆದರೆ ಒಬ್ಬರ ಸೆನ್ಸರು, ಇನ್ನೊಬ್ಬರ ಪೆಟ್ಟಿಗೆ ಕೂಡಿ ಕೆಲಸ ಮಾಡಬಲ್ಲವು. ಮಾರಿದವನ ಸರ್ವರಿನೊಡನೆ ಮಾತ್ರ ಮಾತಾಡುವ ಪೆಟ್ಟಿಗೆ, ಅವನು ಅಂಗಡಿ ಮುಚ್ಚಿದ ದಿನ ಬರಿಯ ಡಬ್ಬ.

ಉದ್ದ ತಂತಿ ಸಿಡಿಲನ್ನೂ ಒಳಗೆ ತರುತ್ತದೆಂಬ ಆಕ್ಷೇಪ ನ್ಯಾಯವೇ. ಅದಕ್ಕೆ ಸರ್ಜ್ ರಕ್ಷಣೆ, ವಿದ್ಯುತ್ ಬೇರ್ಪಡಿಸಿದ ಪೋರ್ಟು, ಒಳ್ಳೆಯ ಅರ್ಥಿಂಗ್ ಬೇಕು. ಆ ಖರ್ಚನ್ನು ಮೊದಲೇ ಲೆಕ್ಕ ಹಾಕಬೇಕು.

ಆದ್ದರಿಂದ ಆರ್‌ಎಸ್-485, ಮಾಡ್‌ಬಸ್, ಹೊರ ಆಂಟೆನಾ, ಸಿಡಿಲು ರಕ್ಷಣೆ—ಈ ನಾಲ್ಕನ್ನೂ ಕೊಟೇಶನ್ನಿನಲ್ಲಿ ಬರೆಸಿಕೊಳ್ಳದೆ ಯಾರೂ ಮುಂಗಡ ಕೊಡಬಾರದೆಂದು ನಮ್ಮ ವಿನಂತಿ. ಎರಡೆಕರೆಯವರೊಬ್ಬರು ಕೇಳಿದರೆ ಮಾರಾಟಗಾರ ನಕ್ಕು ಹೋದಾನು. ಸಂಘದ ಮೂಲಕ ಎಲ್ಲರೂ ಸೇರಿ ಕೇಳಿದರೆ ಉತ್ತರ ಕೊಡದೆ ಅವನಿಗೆ ವಿಧಿಯಿಲ್ಲ.